ಟಗರಿನ ಪಾಲಿನ ಮೊಟ್ಟೆ

ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಬೀಳುತ್ತದೆ, ಬಿದ್ದ ಗುಳಿ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ ಎನ್ನುವುದನ್ನು ನಾನು ಕಂಡುಕೊಂಡದ್ದು ಸೇಲಂ ಆಸ್ಪತ್ರೆಯ ಮಂಚದ ಮೇಲೆ, ಬೇಸರ ಕಳೆಯಲು ಕಾಲು ನೀವಿಕೊಳ್ಳುತ್ತಿದ್ದಾಗ. ಹೆದರಿಕೆಯಾಗಬೇಕಿತ್ತು. ನನಗೆ ಮೊದಲು ಆದದ್ದು ಕುತೂಹಲ. ಇದೇನಪ್ಪಾ ಇದು, ನಾದಿಟ್ಟ ಹಿಟ್ಟಿನ ಹಾಗೆ! ಹಿಮ್ಮಡಿಯ ಪಕ್ಕ ಒತ್ತಿದೆ, ಮೊಣಕಾಲಿನ ಕೆಳಗೆ ಒತ್ತಿದೆ, ತೊಡೆಯ ಮೇಲೂ ಒತ್ತಿ ನೋಡಿದೆ. ಎಲ್ಲ ಕಡೆಯೂ ಗುಳಿ. ಪಕ್ಕದ ಮಂಚದಲ್ಲಿದ್ದ ಅದಿಯಮಾನ್‌ಕೋಟೆಯ ಪಾಟಿ, ಎಂದರೆ ಅಜ್ಜಿ, ಇದನ್ನೆಲ್ಲ ನೋಡುತ್ತಾ ಮಲಗಿದ್ದವರು, "ಎನ್ನ ಕಣ್ಣು, ಕೋಲಂ ಪೋಡ್ರಿಯಾ?" ಎಂದು ಕೇಳಿದರು. ಏನಮ್ಮಾ, ಕಾಲ ಮೇಲೆ ರಂಗೋಲಿ ಚುಕ್ಕಿ ಇಡ್ತಿದ್ದೀಯಾ ಅಂತ.

ಈಗ ಒತ್ತಿದರೆ ಗುಳಿ ಬೀಳುವುದಿಲ್ಲ. ಅದಕ್ಕೇ ಕೂತು ಬರೆಯುವ ಧೈರ್ಯ ಬಂದಿದೆ. ಎಲ್ಲೋ ಯಾರೋ ಇಂಥದ್ದೇ ಊದಿದ ಕಾಲು ಚಾಚಿಕೊಂಡು, ಡಾಕ್ಟರು ಹೇಳಿದ ಹೊಸ ಹೆಸರನ್ನು ಬಾಯಿಪಾಠ ಮಾಡುತ್ತಾ ಒಬ್ಬರೇ ಮಲಗಿದ್ದರೆ, ಅವರಿಗೆ ಓದಲು ಇದು ಇರಲಿ.

ನನ್ನ ಹೆಸರು ಸಿದ್ದಮ್ಮ. ಹುಟ್ಟಿದ್ದು ಕೊಳ್ಳೇಗಾಲದ ಕಡೆ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ಮದುವೆಯಾಗಿ ಬಂದದ್ದು ತಮಿಳುನಾಡಿನ ಕಡಯಂಪಟ್ಟಿ ಹತ್ತಿರದ ಹಳ್ಳಿಗೆ, ಕುರಿ ಸಾಕುವ ಮನೆಗೆ. ಇಲ್ಲಿ ಮನೆಮಂದಿಯೆಲ್ಲ ಕನ್ನಡ ಆಡುತ್ತಾರೆ, ಬರೆಯಲು ಬರುವುದು ನನಗೊಬ್ಬಳಿಗೇ. ಊರಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ, ಇಲ್ಲಿಯವರು ಸತ್ತುಣವು ಎನ್ನುತ್ತಾರೆ, ಅಡುಗೆ ಮಾಡುವವಳು ನಾನು. ದಿನಾ ತಪ್ಪಲೆ ತುಂಬ ಮೊಟ್ಟೆ ಬೇಯಿಸಿ, ಸುಲಿದು, ಒಂದೊಂದು ತಟ್ಟೆಗೂ ಹಾಕಬೇಕು. ಹಳದಿ ತಿಂದು ಬಿಳಿಯದನ್ನು ಗೋಡೆಯಾಚೆ ಎಸೆಯುವ ಕಳ್ಳರನ್ನು ಹಿಡಿದು, ಎದುರಿಗೆ ಕೂರಿಸಿಕೊಂಡು ತಿನ್ನಿಸಬೇಕು. "ತಿಂದರೆ ತಾನೇ ಮೈಗೆ ಹತ್ತೋದು!" ಅಂತ ಬೈದು ಬೈದು ನನ್ನ ಗಂಟಲು ಒಡಕು ತಮಟೆಯಾಗಿದೆ. ಜೊತೆಗೆ ಎಲ್ಲವನ್ನೂ ಕೆದಕಿ ಕೆದಕಿ ಕೇಳುವ ಚಾಳಿ. ಹೆತ್ತವ್ವ ನನ್ನನ್ನು ಕೆರೆಯೋ ಕೋಳಿ ಎನ್ನುತ್ತಿದ್ದಳು, ಸುಮ್ಮನೆ ಇದ್ದ ಕಡೆ ಇರುವುದಿಲ್ಲ ಅಂತ.

ಆ ಸಲ ಕೆಲವು ದಿನಗಳಿಂದ ಜ್ವರ, ಹೊಟ್ಟೆನೋವು. ಸೋಂಪಿನ ಕಷಾಯ, ಮೆಡಿಕಲ್ಲಿನ ಮಾತ್ರೆ ಎಂದು ತಳ್ಳಿಕೊಂಡು ಹೋದೆ. ಒಂದು ದಿನ ಸಾಂಬಾರು ತಿರುವುತ್ತಿದ್ದವಳು ಒಲೆಯ ಪಕ್ಕದಲ್ಲೇ ಕುಸಿದೆ. ಹೊಟ್ಟೆ ಹಲಗೆಯಾಗಿತ್ತು. ಶಾಲೆಯವರು ಆಂಬುಲೆನ್ಸ್ ಕರೆಸಿದರು. ಅದು ನಮ್ಮ ಬೀದಿಯ ಮುಂದೆ ನಿಂತಾಗ ನನ್ನ ಗಂಡ ಮಾದೇಶ ಒಳಗೆ ಹತ್ತಿದ್ದು ನೆನಪಿದೆ. ಅದಕ್ಕಿಂತ ಚೆನ್ನಾಗಿ ನೆನಪಿರುವುದು ನಮ್ಮ ಅತ್ತೆ ಕೆಂಪಮ್ಮ. ಕುರಿದೊಡ್ಡಿಯಿಂದ ಒಂದು ಗಂಡುಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದರು. ಆಂಬುಲೆನ್ಸಿನವರು "ಎನ್ನಮ್ಮಾ ಇದು!" ಎಂದು ಕೂಗುತ್ತಿದ್ದರೂ ಕೇಳದೆ, ನನ್ನ ಕೈಯನ್ನು ಆ ಮರಿಯ ಹಣೆಗೆ ಮುಟ್ಟಿಸಿದರು. ಅರಿಶಿನದಲ್ಲಿ ಅದ್ದಿದ ದಾರವನ್ನು ಒಂದು ಸುತ್ತು ಮರಿಯ ಕೊರಳಿಗೆ, ಒಂದು ಸುತ್ತು ನನ್ನ ಮಣಿಕಟ್ಟಿಗೆ ಕಟ್ಟಿದರು.

"ಮುನಿಯಪ್ಪಾ, ತಲೆಗೆ ತಲೆ ಕಣಪ್ಪಾ. ಇವ್ಳು ನೆಟ್ಟಗಾಗಿ ನಡ್ಕೊಂಡು ಬರ್ಲಿ, ಇದುನ್ನ ನಿಂಗೆ ಒಪ್ಪುಸ್ತೀನಿ," ಎಂದರು.

ಮುನಿಯಪ್ಪ ನಮ್ಮ ಮನೆದೇವರು, ಇದು ನಮ್ಮ ಮನೆಯ ಪದ್ಧತಿ. ಯಾರಾದರೂ ಕೊಯ್ಯುವ ಕಾಯಿಲೆಗೆ ಆಸ್ಪತ್ರೆಗೆ ಹೋದರೆ ಅವರ ಹೆಸರಿನಲ್ಲಿ ಒಂದು ಗಂಡುಮರಿ ಮೀಸಲು. ಪೂರ್ತಿ ವಾಸಿಯಾಗಿ ಬಂದು ಆ ಟಗರನ್ನು ದೇವರಿಗೆ ಒಪ್ಪಿಸುವವರೆಗೆ, ದಾರ ಕಟ್ಟಿಸಿಕೊಂಡವರು ಬಾಡು, ಮೊಟ್ಟೆ ಮುಟ್ಟುವಂತಿಲ್ಲ. ಮುಟ್ಟಿದರೆ ತಮ್ಮ ತಲೆಗೆ ಬದಲು ಕೊಟ್ಟ ತಲೆಯನ್ನು ತಾವೇ ತಿಂದಂತೆ. ಮನೆಯ ಉಳಿದವರಿಗೆ ಕಟ್ಟುಪಾಡಿಲ್ಲ, ಆದರೂ ಮರ್ಯಾದೆಗೆ ಅವರೂ ಬಿಡುತ್ತಾರೆ.

ಸೇಲಂನಲ್ಲಿ ಹೊಟ್ಟೆ ಕೊಯ್ದರು. ಕರುಳು ತೂತು ಬಿದ್ದು ಒಳಗೆಲ್ಲ ಕೀವಾಗಿತ್ತಂತೆ. ಕೆಟ್ಟ ತುಂಡನ್ನು ತೆಗೆದು, ಒಳ್ಳೆಯ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತಂದು ಕೂರಿಸಿ, ಮೇಲೆ ಒಂದು ಚೀಲ ಅಂಟಿಸಿದ್ದರು. ತಿಂದದ್ದೆಲ್ಲ ಆ ಚೀಲಕ್ಕೇ ಇಳಿಯುತ್ತಿತ್ತು. ಕುರಿ ಕೊಯ್ದಾಗ ಎಷ್ಟು ಕರುಳು ತೊಳೆದಿದ್ದೇನೋ ಲೆಕ್ಕವಿಲ್ಲ. ನನ್ನದೇ ಕರುಳು ಕೆಂಪಗೆ, ಒದ್ದೆಯಾಗಿ ಹೊರಗೆ ಕೂತು ಮೆಲ್ಲಗೆ ಮಿಸುಕುವುದನ್ನು ನೋಡಿದಾಗ ಮಾತ್ರ ಕಣ್ಣು ಕತ್ತಲೆ ಬಂತು. ಮಾರನೆಯ ದಿನ ಮತ್ತೆ ನೋಡಿದೆ. ಆಮೇಲೆ ದಿನಾ ನೋಡುವುದೇ ಕೆಲಸವಾಯಿತು, ಗಂಜಿ ಕುಡಿದು ಎಷ್ಟು ಹೊತ್ತಿಗೆ ಮಿಸುಕುತ್ತದೆ ಅಂತ. ನನ್ನ ಮಗಳು ಕವಿತಾ "ಅಯ್ಯೋ ಅಮ್ಮಾ, ಪೋದುಂ, ಸಾಕು, ಮುಚ್ಕೋ!" ಎಂದು ಮುಖ ತಿರುಗಿಸುತ್ತಿದ್ದಳು. ಅವಳಿಗೆ ಅರ್ಧ ತಮಿಳು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ತಮಿಳು.

ಚೀಲ ಸ್ವಲ್ಪ ಕಾಲಕ್ಕೆ ಮಾತ್ರ, ಆಮೇಲೆ ಇನ್ನೊಂದು ಆಪರೇಷನ್ ಮಾಡಿ ಕರುಳನ್ನು ಒಳಗೆ ಜೋಡಿಸುತ್ತೇವೆ ಎಂದಿದ್ದರು. ನಾನು ಜೀವ ಹಿಡಿದುಕೊಂಡಿದ್ದೇ ಆ ಮಾತಿನ ಮೇಲೆ. ಚೀಲ ಕಟ್ಟಿಕೊಂಡವಳನ್ನು ಮಕ್ಕಳ ಅಡುಗೆಮನೆಗೆ ಯಾರು ಬಿಡುತ್ತಾರೆ? ಸ್ಕ್ಯಾನಿಗೆ ಕಾಯುವಾಗ ಗಾಲಿಕುರ್ಚಿಯಲ್ಲಿ ಕೂತಿದ್ದರೆ, ನನ್ನ ಗಂಡ ತನ್ನ ಟವೆಲ್ಲನ್ನು ಮತ್ತೆ ಮತ್ತೆ ನನ್ನ ಹೊಟ್ಟೆಯ ಮೇಲೆ ಎಳೆದು ಸರಿಮಾಡುತ್ತಿದ್ದರು. ಪಾಪ, ಬೇರೆಯವರಿಗೆ ಕಾಣದಿರಲಿ ಅಂತ. ನನ್ನ ಮರ್ಯಾದೆ ಕಾಯುತ್ತಿದ್ದಾರೆ ಎಂದು ಗೊತ್ತಿದ್ದೂ ನನಗೆ ಅಳು ಉಕ್ಕಿ ಬಂತು. ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ಗುಳಿ ಬೀಳುವ ಕಾಲನ್ನು ಡಾಕ್ಟರಮ್ಮನಿಗೆ ತೋರಿಸಿದ್ದು ನಾನೇ. ಚಿಕ್ಕ ವಯಸ್ಸಿನವರು, ಓಡುವ ಹಾಗೆ ನಡೆಯುವವರು. ಮಾತೆಲ್ಲ ತಮಿಳಿನಲ್ಲಿ, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಇದೆ ಸಿದ್ದಮ್ಮಾ. ಮೂರೂವರೆಯಾದ್ರೂ ಇರಬೇಕಾದ ಕಡೆ ಎರಡೂ ಇಲ್ಲ. ಅದಕ್ಕೇ ಊತ. ಹೊಟ್ಟೆಯ ಗಾಯ ಕೂಡಿಕೊಳ್ಳದೆ ನೀರು ಜಿನುಗುತ್ತಿರೋದಕ್ಕೂ ಅದೂ ಒಂದು ಕಾರಣ."

"ಅದು ಏನು ಮಾಡುತ್ತೆ ಡಾಕ್ಟರಮ್ಮಾ?"

"ರಕ್ತದಲ್ಲಿರೋ ನೀರನ್ನ ಹೊರಗೆ ಹೋಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಅದು ಕಡಿಮೆಯಾದ್ರೆ ನೀರು ನಾಳದಿಂದ ಜಾರಿ ಕಾಲಿಗಿಳಿಯುತ್ತೆ."

"ಹಾಗಾದ್ರೆ ಈ ಕಾಲಲ್ಲಿರೋದು ನನ್ನ ರಕ್ತದ ನೀರಾ?"

ಹೊರಟಿದ್ದವರು ತಿರುಗಿ ನಿಂತರು. ನಕ್ಕರು. "ಹೌದು, ನಿಮ್ಮದೇ," ಎಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು, "ನೋಡಿ, ಅದು ಮೂರು ದಾಟದೆ ನಾನು ಕರುಳು ಜೋಡಿಸೋದಿಲ್ಲ. ಜೋಡಿಸಿದ ಜಾಗ ಬಿಟ್ಟುಕೊಂಡರೆ ನಿಮ್ಮ ಜೀವಕ್ಕೇ ಅಪಾಯ."

ಅವತ್ತಿನಿಂದ ನನಗೆ ದೇವರು, ದಿಂಡರು ಎಲ್ಲ ಆ ಮೂರು. ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋದವರು ಬರುವುದನ್ನೇ ಬಾಗಿಲ ಕಡೆ ಕಣ್ಣು ನೆಟ್ಟು ಕಾಯುತ್ತಿದ್ದೆ. ಪಾಸೋ ಫೇಲೋ ಎಂದು ಶಾಲೆಯ ಗೇಟಿನಲ್ಲಿ ನಿಂತ ಹುಡುಗಿಯ ಪಾಡು.

ಮೊದಲು ಬಾಟಲಿ ಹಾಕಿದರು. ಚಿಕ್ಕ ಗಾಜಿನ ಬಾಟಲಿ, ಒಳಗೆ ತೆಳು ಜೇನಿನ ಬಣ್ಣದ ನೀರು. ನರ್ಸು ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ತಂದರು. "ಅಲುಗಾಡಿಸಬಾರದು, ನೊರೆ ಬರುತ್ತೆ," ಎಂದರು. ಅಂಚಿನಲ್ಲಿ ಆಗಲೇ ಸಣ್ಣ ನೊರೆ ಇತ್ತು. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಒಡಕು ಮೊಟ್ಟೆಯ ಬಿಳಿ ಬಿಸಿನೀರಿಗೆ ಸೋರಿದಾಗ ತಪ್ಪಲೆಯ ಅಂಚಿಗೆ ಹತ್ತುವ ನೊರೆ ಥೇಟ್ ಹೀಗೇ ಇರುತ್ತದೆ.

"ಇದನ್ನ ಯಾವುದರಲ್ಲಿ ಮಾಡ್ತಾರೆ ಸಿಸ್ಟರ್?"

"ಮನುಷ್ಯರ ರಕ್ತದಿಂದಲೇ ತೆಗೀತಾರೆ. ದಾನ ಕೊಟ್ಟವರದು."

ನಾನು ಹನಿ ಬೀಳುವುದನ್ನೇ ನೋಡುತ್ತಾ ಮಲಗಿದೆ. ಯಾರ ರಕ್ತವೋ? ಗಂಡಸೋ, ಹೆಂಗಸೋ, ಏನು ಉಂಡಿದ್ದರೋ? ಹೀಗೆ ಯೋಚಿಸುತ್ತಿದ್ದ ಹಾಗೇ ಹರಕೆ ನೆನಪಾಯಿತು. ಮೊಟ್ಟೆ ಕೂಡದು ಎಂದು ದಾರ ಕಟ್ಟಿಸಿಕೊಂಡವಳು ನಾನು, ಮನುಷ್ಯರ ರಕ್ತದ್ದು ಒಳಗೆ ಬಿಟ್ಟುಕೊಳ್ಳುತ್ತಿದ್ದೇನಲ್ಲ! ಗಂಡನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು ಅತ್ತೆಗೆ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ.

"ಬಾಯಾಗೆ ಓಯ್ತದಾ?" ಎಂದು ಕೇಳಿದರು ಅತ್ತೆ.

"ಇಲ್ಲವ್ವಾ, ನರದಾಗೆ."

"ಅಂಗಾದ್ರೆ ಬುಡು. ಮುನಿಯಪ್ಪ ಬಾಯಿ ನೋಡ್ತಾನೆ, ನರ ನೋಡಾಕಿಲ್ಲ."

ಸರಿ, ತೀರ್ಪಾಯಿತು. ಬಾಟಲಿ ಹಾಕಿದ ಮೇಲೆ ಅಂಕಿ ಸ್ವಲ್ಪ ಏರಿತು. ಕಾಲಿನ ಬಿಗಿ ಸ್ವಲ್ಪ ಇಳಿಯಿತು. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಕೆಳಗೆ. ಇನ್ನೊಂದು ಬಾಟಲಿ, ಮತ್ತೆ ಅದೇ ಕಥೆ. ಡಾಕ್ಟರಮ್ಮ ಮೂತ್ರ ನೋಡಿಸಿದರು, ಅದರಲ್ಲಿ ಹೋಗುತ್ತಿರಲಿಲ್ಲ. ಲಿವರ್ ನೋಡಿಸಿದರು, ಅದೂ ಸರಿ. ಜ್ವರ ಇಳಿಯುತ್ತಾ ಬಂದಿತ್ತು. "ಎಲ್ಲಿ ಹೋಗ್ತಿದೆ ಇದು?" ಎಂದು ತಮಗೆ ತಾವೇ ಕೇಳಿಕೊಳ್ಳುತ್ತಾ ನನ್ನ ಮಂಚದ ಕಾಲ ಬಳಿ ನಿಲ್ಲುತ್ತಿದ್ದರು. ನನ್ನ ಹಾಗೇ ಅವರದೂ ಕೆರೆಯುವ ಬುದ್ಧಿ ಎಂದು ನನಗೆ ಅವರ ಮೇಲೆ ಅಕ್ಕರೆ. ಆದರೆ ಒಳಗೊಳಗೇ ಭಯ ಹತ್ತಿತ್ತು. ಈ ಚೀಲ ಬೀಳುವುದೇ ಇಲ್ಲವೇನೋ, ಇದರ ಜೊತೆಗೇ ನನ್ನ ಮಣ್ಣೂ ಆಗುತ್ತದೇನೋ ಅಂತ.

ಬೆಳಿಗ್ಗೆ ಹೊತ್ತು ವಾರ್ಡಿಗೆ ಬ್ರೆಡ್ಡು, ಹಾಲು, ಒಂದೊಂದು ಬೇಯಿಸಿದ ಮೊಟ್ಟೆ ಬರುತ್ತಿತ್ತು. ನನ್ನ ಮೊಟ್ಟೆಯನ್ನು ಸುಲಿದು ಪಾಟಿಯ ಬಟ್ಟಲಿಗೆ ಹಾಕುವುದು ನನ್ನ ರೂಢಿ. ಪಾಟಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ದೊಡ್ಡ ಹುಣ್ಣು. ಸುಲಿಯುವುದರಲ್ಲಿ ನನ್ನ ಕೈ ಪಳಗಿದ್ದು ನೋಡಿ, "ಒಂದು ಗೀರು ಬೀಳದ ಹಾಗೆ ಸುಲೀತೀಯಲ್ಲಾ!" ಎಂದು ಅವರು ಹೊಗಳುವುದು, ನಾನು ಉಬ್ಬುವುದು. ನನಗೆ ಎರಡು ತುತ್ತು ಬ್ರೆಡ್ಡು ಸಾಕಾಗುತ್ತಿತ್ತು. ಹಾಲು ಕುಡಿದರೆ ಚೀಲ ತುಂಬಿ ತುಂಬಿ ಬರುತ್ತದೆ ಎಂದು ಅದನ್ನೂ ಬಿಟ್ಟಿದ್ದೆ. ಹಸಿವೇ ಇಲ್ಲದವಳಿಗೆ ಹರಕೆ ಕಷ್ಟ ಅನ್ನಿಸಲೇ ಇಲ್ಲ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಪಾಟಿಯ ಪಾದದ ಪಟ್ಟಿ ಬಿಚ್ಚಿಸಿ ನೋಡಿದರು. "ಪಾಟಿ, ಹುಣ್ಣು ಎಷ್ಟು ಚೆನ್ನಾಗಿ ತುಂಬ್ತಿದೆ! ಸೂಪರ್!" ಎಂದರು.

ಪಾಟಿಗೆ ಖುಷಿ ತಡೆಯಲಿಲ್ಲ. "ಪಿನ್ನೆ? ದಿನಮುಂ ರೆಂಡು ಮುಟ್ಟೈ ಸಾಪ್ಪಿಡ್ರೇನ್ಲ!" ಎಂದುಬಿಟ್ಟರು.

"ದಿನಾ ಎರಡು ಮೊಟ್ಟೆನಾ? ಇಲ್ಲಿ ಕೊಡೋದು ಒಂದೇ ಅಲ್ವಾ?"

ಪಾಟಿ ನನ್ನ ಕಡೆ ಕೈ ತೋರಿಸಿದರು. ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಡಾಕ್ಟರಮ್ಮ ನನ್ನ ಮಂಚದ ಅಂಚಿನಲ್ಲಿ ಕೂತರು. ಅವರು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಯಾಕೆ ಎಂದು ಕೇಳಿದರು. ಟಗರು, ಮುನಿಯಪ್ಪ, ದಾರ, ಎಲ್ಲ ಹೇಳಿದೆ. ಅವರು ನನ್ನ ಮಣಿಕಟ್ಟನ್ನು ಕೈಗೆತ್ತಿಕೊಂಡರು. ಕೈ ಊದಿ ಊದಿ ದಾರ ಚರ್ಮದಲ್ಲಿ ಹೂತುಹೋಗಿತ್ತು. ನರ್ಸುಗಳು ಎಷ್ಟೋ ಸಲ ತೆಗೆಯಿರಿ ಎಂದಿದ್ದರೂ ನಾನು ಬಿಟ್ಟಿರಲಿಲ್ಲ.

"ಮನೆಯಲ್ಲೂ ಯಾರೂ ಮೊಟ್ಟೆ ತಿನ್ನಲ್ವಾ?" ಎಂದು ಕೇಳಿದರು.

ಅದು ಕೇಳಿದ ಕೂಡಲೇ ನನಗೂ ಒಂದು ಪ್ರಶ್ನೆ ಹುಟ್ಟಿತು. ಗಂಡನ ಕಡೆ ತಿರುಗಿ, "ಅಲ್ಲಾ, ನಮ್ಮ ಕೋಳಿಗಳು ಮೊಟ್ಟೆ ಇಡ್ತಾ ಅವಲ್ಲ, ಅವುನ್ನೆಲ್ಲ ಏನ್ ಮಾಡ್ತಾ ಇದ್ದೀರಿ?" ಎಂದೆ.

ಅವರು ನೆಲ ನೋಡಿದರು. "ಟಗ್ರಿಗೆ," ಎಂದರು.

"ಏನು?"

"ಅವ್ವ ದಿನಾ ಒಡ್ದು ಟಗ್ರು ಬಾಯಿಗೆ ಉಯ್ತಾ ಅವ್ಳೆ. ದೇವ್ರುದು, ಸೊರಗಬಾರ್ದು ಅಂತ. ಇಂಡಿ, ಬೇಯ್ಸಿದ ಉಳ್ಳಿಕಾಳು ಎಲ್ಲಾ ಅದಕ್ಕೇಯ. ಈಗ ನೋಡ್ಬೇಕು ನೀನು, ಗೂಳಿ ಅಂಗೆ ಆಗೈತೆ."

ಕವಿತಾ ಮುಖ ಮುಚ್ಚಿಕೊಂಡು ಅದನ್ನು ತಮಿಳಿನಲ್ಲಿ ಹೇಳಿದಳು. ಡಾಕ್ಟರಮ್ಮ, "ಅಪ್ಪೋ ಅಂದ ಕಿಡಾವುಕ್ಕು ಆಲ್ಬುಮಿನ್ ನಲ್ಲಾ ಇರುಕ್ಕುಂ!" ಎಂದರು. ಹಾಗಾದ್ರೆ ಆ ಟಗರಿಗೆ ಆಲ್ಬುಮಿನ್ ಚೆನ್ನಾಗಿರುತ್ತೆ ಅಂತ. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತದೆ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಅಯ್ಯಯ್ಯೋ ಅಮ್ಮಾ ಎಂದು ಅಳುತ್ತಾ ನಕ್ಕೆ. ದಿನಾ ಊರ ಮಕ್ಕಳಿಗೆ ಮೊಟ್ಟೆ ತಿನ್ನಿಸುವವಳ ಮೊಟ್ಟೆ ಆಸ್ಪತ್ರೆಯಲ್ಲಿ ಪಾಟಿಗೆ, ಮನೆಯಲ್ಲಿ ಟಗರಿಗೆ!

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ಒಳಗಿನ ಕೀವು, ಜ್ವರ ಎಲ್ಲ ಅದನ್ನ ತಿಂದುಹಾಕಿವೆ. ಬರೀ ಮೊಟ್ಟೆಯಿಂದ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ," ಎಂದರು. "ಆದರೆ ಬಾಟಲಿ ಎರಡು ದಿನದ ನೆಂಟ. ಸಂಸಾರ ನಡೆಸಬೇಕಾದ್ದು ನಿಮ್ಮ ಲಿವರ್. ಅದಕ್ಕೆ ಸಾಮಾನು ಕೊಡದೆ ಅಡುಗೆ ಮಾಡು ಅಂದ್ರೆ ಹೇಗೆ? ಬೇಳೆ, ಕಡಲೆಕಾಯಿ ಎಲ್ಲ ಒಳ್ಳೆಯದೇ. ಆದರೆ ನಿಮಗೆ ಸೇರೋದು ಎರಡು ತುತ್ತು. ಆ ಎರಡು ತುತ್ತಲ್ಲಿ ಸಾರ ಜಾಸ್ತಿ ಇರಬೇಕು." ಎದ್ದು ಹೋಗುವಾಗ ಹೇಳಿದರು, "ನಿಮ್ಮ ಅತ್ತೆಯನ್ನ ಕರೆಸಿ. ನಾನು ಮಾತಾಡ್ತೀನಿ."

ಅವರು ಹೋದ ಮೇಲೆ ನಾನು ಗಂಟನ್ನು ಬಿಡಿಸಲು ಕೂತೆ. ಟಗರು ಒಪ್ಪಿಸುವವರೆಗೆ ಮೊಟ್ಟೆ ತಿನ್ನುವಂತಿಲ್ಲ. ಪೂರ್ತಿ ವಾಸಿಯಾಗದೆ ಟಗರು ಒಪ್ಪಿಸುವಂತಿಲ್ಲ. ಚೀಲ ಬೀಳದೆ ಪೂರ್ತಿ ವಾಸಿಯಲ್ಲ. ಅಂಕಿ ಏರದೆ ಚೀಲ ಬೀಳುವುದಿಲ್ಲ. ಎಲ್ಲಿಂದ ಹೊರಟರೂ ಗಾಣದ ಎತ್ತಿನಂತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ದಾರವನ್ನು ಕತ್ತರಿಸಿ ಎಸೆಯಬಹುದಿತ್ತು. ಆದರೆ ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ನನಗೆ ಏನಾದರೂ ಆದರೆ ಅತ್ತೆ ಅದನ್ನು ಸಾಯುವವರೆಗೆ ಹೊರಬೇಕಾಗುತ್ತದೆ ಎನ್ನುವ ಭಯ ಇನ್ನೂ ಹೆಚ್ಚಿತ್ತು.

ಅತ್ತೆ ಮಾರನೆಯ ದಿನವೇ ಬಸ್ಸು ಹಿಡಿದು ಬಂದರು. ಕುರಿಗಳನ್ನು ಪಕ್ಕದ ಮನೆಯವರಿಗೆ ವಹಿಸಿ ಬಂದಿದ್ದರಂತೆ. ಬಾಗಿಲಲ್ಲಿ ನಿಂತು ಸಾಲು ಮಂಚಗಳನ್ನು ಕಣ್ಣಲ್ಲೇ ಹುಡುಕಿದರು. ನನ್ನನ್ನು ದಾಟಿ ಹೋದರು. ಗುರುತು ಸಿಗಲಿಲ್ಲ. ನಾನೇ "ಅತ್ತೆ" ಎಂದು ಕರೆದೆ. ತಿರುಗಿ ಬಂದು ನನ್ನ ಬಾತ ಮುಖ ನೋಡಿದರು. ಕಾಲಿನ ಹೊದಿಕೆ ಸರಿಸಿ ಹೆಬ್ಬೆರಳು ಒತ್ತಿದರು. ಕುರಿ ಹಿಡಿದ ಗಟ್ಟಿ ಬೆರಳು, ಗುಳಿ ಆಳವಾಗಿ ಬಿತ್ತು.

"ಗದ್ದದಡಿ ನೀರಿಳ್ದ ಕುರಿ ಅಂಗೆ ಆಗಿದ್ದೀಯಲ್ಲೇ ಅವ್ವಯ್ಯಾ," ಎಂದರು.

ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿದರು. "ಆಗಾಕಿಲ್ಲ. ಬೇರೆ ಏನಾರಾ ಕೇಳು, ಕೊಡ್ತೀನಿ. ಇದು ಬ್ಯಾಡ. ನಿಮ್ ಮಾವುನ್ಗೆ ಇಂಗೇ ದಾರ ಕಟ್ಟಿದ್ದೆ. ಅಸ್ಪತ್ರೆಲಿ ಯಾರೋ ಪುಣ್ಯಾತ್ಮ್ರು ಕಾಲು ಸೂಪು ತಂದು ಕುಡುಸ್ಬುಟ್ರು. ವಾರ ತುಂಬ್ಲಿಲ್ಲ, ಎಣ ಮನೆಗೆ ಬಂತು. ಸೂಪು ಕುಡುದ್ರು, ಸತ್ರು."

ನಾನು ಮದುವೆಯಾಗಿ ಬರುವ ಮೊದಲೇ ಮಾವ ತೀರಿಹೋಗಿದ್ದರು. ಈ ಸಂಗತಿಯನ್ನು ಅತ್ತೆ ನನ್ನ ಮುಂದೆ ಆಡಿದ್ದು ಇದೇ ಮೊದಲು. ಗಂಡ ಕಿಟಕಿಯ ಕಡೆ ಮುಖ ಮಾಡಿದರು. ಸುಮ್ಮನಿರಬೇಕಿತ್ತೇನೋ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಮಾವುನ್ಗೆ ಕಾಲು ಊದಿತ್ತಾ ಅತ್ತೆ?"

ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಊದಿತ್ತು. ಇಂಗೇ ಗುಳಿ ಬೀಳೋದು."

"ಸೂಪು ಕುಡುದ್ ಮ್ಯಾಲಾ, ಮುಂಚೆನಾ?"

"...ಮುಂಚೆ. ಮುಂಚೇನೇ ಊದಿತ್ತು. ಶಾನೆ ಮುಂಚೆ." ಅತ್ತೆಯ ದನಿ ಸಣ್ಣಗಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಕೂತರು. ಇಷ್ಟು ವರ್ಷ ಆ ಸೂಪನ್ನೇ ಬೈದುಕೊಂಡು ಬದುಕಿದವರು. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಂಡೆ.

"ಗದ್ದದಾಗೆ ನೀರಿಳ್ದ ಕುರಿಗೆ ಏನ್ ಮಾಡ್ತೀರಿ ನೀವು?" ಎಂದೆ.

"ಒಟ್ಟೆ ಉಳುಕ್ಕೆ ಮದ್ದು ಉಯ್ತೀನಿ. ಆಮ್ಯಾಕೆ ಇಂಡಿ, ಉಳ್ಳಿಕಾಳು."

"ಉಪಾಸ ಕೆಡವಾಕಿಲ್ವಾ?"

"ತಿಕ್ಲಾ ನಿಂಗೆ? ಉಪಾಸ ಕೆಡವುದ್ರೆ ಸತ್ತೋಯ್ತದೆ!" ಎಂದವರು ಅಲ್ಲಿಗೇ ನಿಂತುಬಿಟ್ಟರು.

ಪಾಟಿಗೆ ಕನ್ನಡ ಎಷ್ಟು ಅರ್ಥವಾಯಿತೋ, ಅವರೂ ಕತ್ತು ಚಾಚಿ ನೋಡುತ್ತಿದ್ದರು. ಅತ್ತೆ ನನ್ನ ಮಣಿಕಟ್ಟನ್ನು ಎಳೆದುಕೊಂಡು ಗಂಟು ಬಿಚ್ಚಲು ನೋಡಿದರು. ಉಗುರಿಗೆ ಸಿಗಲಿಲ್ಲ. ನರ್ಸು ಕತ್ತರಿ ತಂದರು. "ಕಬ್ಣ ತಾಕ್ಸಬಾರ್ದು," ಎಂದು ಅತ್ತೆ ಬಗ್ಗಿ, ಉಳಿದಿದ್ದ ನಾಲ್ಕಾರು ಹಲ್ಲಿನಲ್ಲೇ ಗಂಟನ್ನು ಕಚ್ಚಿ ಕಚ್ಚಿ ಸಡಿಲ ಮಾಡಿದರು. ಅವರ ಬಿಸಿ ಉಸಿರು ನನ್ನ ಕೈಗೆ ತಾಗುತ್ತಿತ್ತು. ದಾರ ಬಂದಾಗ ಅದರ ಜಾಗದಲ್ಲಿ ಕೆಂಪು ಗೆರೆ ಉಳಿಯಿತು.

"ಕಟ್ಟು," ಎಂದು ತಮ್ಮ ಕೈ ಚಾಚಿದರು. ನಾನು ಕಟ್ಟಿದೆ. ಅವರು ಕಣ್ಣು ಮುಚ್ಚಿದರು. "ಮುನಿಯಪ್ಪಾ, ಈ ಎಣ್ಣಿನ ಬಾಯಿ ಬುಟ್ಬುಡು. ನನ್ ಬಾಯಿ ಕಟ್ಟಾಕ್ಕೋ. ಟಗ್ರು ನಿಂದೇ, ಅದ್ರಾಗೆ ಮಾತಿಲ್ಲ."

"ಇಂಗೆ ಮುಂಚೆ ಯಾರಾರಾ ಮಾಡವ್ರಾ ಅತ್ತೆ?"

"ಇಲ್ಲ."

"ಆಯ್ತದಾ?"

"ಆಯ್ತದಾ, ಓಯ್ತದಾ! ನಿನ್ ಬಾಯಿಗೆ ಒಂದ್ ಬೀಗ ಇಲ್ವಲ್ಲೇ! ಮೊಟ್ಟೆ ತಿನ್ನು ಮೊದ್ಲು!"

ಅವತ್ತಿನ ನನ್ನ ಮೊಟ್ಟೆ ಆಗಲೇ ಪಾಟಿಯ ಹೊಟ್ಟೆ ಸೇರಿತ್ತು. ಪಾಟಿ ದಿಂಬಿನ ಪಕ್ಕದಿಂದ ತಮ್ಮ ಬಟ್ಟಲು ತೆಗೆದರು. ಸಂಜೆಗಿರಲಿ ಎಂದು ಎತ್ತಿಟ್ಟುಕೊಂಡಿದ್ದ ತಮ್ಮ ಪಾಲಿನದನ್ನು ನನ್ನ ಕೈಗೆ ಕೊಟ್ಟರು. ಆ ಮೊಟ್ಟೆಯನ್ನು ತಿನ್ನಲು ನನಗೆ ಅರ್ಧ ಗಂಟೆಯೇ ಹಿಡಿಯಿತೇನೋ. ಅತ್ತೆ ಎದುರಿಗೆ ಕೂತು, ನಾನು ಶಾಲೆಯಲ್ಲಿ ಕಳ್ಳಮಕ್ಕಳನ್ನು ಕಾಯುವ ಹಾಗೆ ಕಾದರು. ಸಂಜೆ ಡಾಕ್ಟರಮ್ಮ ಬಂದು ಮಾತಿಗೆ ಶುರು ಮಾಡುವ ಮೊದಲೇ ಅತ್ತೆ ದಾರದ ಕೈ ಎತ್ತಿ ತೋರಿಸಿದರು. ಡಾಕ್ಟರಮ್ಮ ಆ ಕೈಯನ್ನೂ ನನ್ನ ಕೈಯ ಗೆರೆಯನ್ನೂ ನೋಡಿ, ಅತ್ತೆಗೆ ಕೈಮುಗಿದರು.

ಮೊಟ್ಟೆ ತಿಂದ ಮಾರನೆಯ ದಿನವೇ ಊತ ಇಳಿಯಿತು ಎಂದು ನೀವು ಅಂದುಕೊಂಡರೆ ತಪ್ಪು. ಎಷ್ಟೋ ಸಲ ವಾಂತಿಯಾಯಿತು. ಜ್ವರ ಮರಳಿ ಬಂದು ಮದ್ದು ಬದಲಾಯಿಸಿದರು. ಅಂಕಿ ಆಮೆಯ ಹಾಗೆ ಏರಿತು, ಒಮ್ಮೆ ಹಿಂದಕ್ಕೂ ಬಂತು. ಹೊಟ್ಟೆಯ ಗಾಯ ಒಣಗಿದ ಮೇಲೆ ಚೀಲದ ಸಮೇತ ಮನೆಗೆ ಕಳಿಸಿದರು, ತಿಂದು ಗಟ್ಟಿಯಾಗಿ ಬನ್ನಿ ಎಂದು.

ಮನೆಯಲ್ಲಿ ಅತ್ತೆ ನನಗಾಗಿ ಒಲೆ ಹೂಡಿದರು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಉಳ್ಳಿಕಾಳಿನ ಸಾರು, ವಾರಕ್ಕೊಮ್ಮೆ ಬಾಡು. ಕೊಟ್ಟಿಗೆಯ ಟಗರಿಗೆ ಮೊಟ್ಟೆ ನಿಂತು, ಅದು ನನ್ನನ್ನು ಕಂಡರೆ ಗುದ್ದಲು ಬರುತ್ತಿತ್ತು. ಅತ್ತೆಯ ಬಾಯಿ ಕಟ್ಟಿತ್ತಲ್ಲ, ಬಾಡಿನ ಸಾರನ್ನು ನಾಲಿಗೆಗೆ ಮುಟ್ಟಿಸಿ ನೋಡುವಂತಿರಲಿಲ್ಲ. ಕಾಲು ಊದಿದವಳಿಗೆ ಉಪ್ಪು ಕಡಿಮೆ ಇರಲಿ ಎಂದು ಡಾಕ್ಟರಮ್ಮ ಬೇರೆ ಹೇಳಿದ್ದರು. ಹೀಗಾಗಿ ಸಾರು ಒಂದು ದಿನ ಸಪ್ಪೆ, ಒಂದು ದಿನ ಇನ್ನೂ ಸಪ್ಪೆ. ಅವರು ಮುದ್ದೆ ಸೊಪ್ಪು ಉಂಡು ನನ್ನೆದುರು ಕೂತು ತಟ್ಟೆ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ರಾತ್ರಿ ಮಲಗುವ ಮುಂಚೆ ನನ್ನ ಕಾಲಿಗೆ ಹೆಬ್ಬೆರಳು ಒತ್ತುವುದು ಅವರ ನೇಮವಾಯಿತು. ಗುಳಿ ಆಳ ಕಡಿಮೆಯಾಗುತ್ತಾ ಬಂತು. ಒಂದು ದಿನ ಒತ್ತಿದರು, ತೆಗೆದರು, ಕಾಲು ಇದ್ದ ಹಾಗೇ ಇತ್ತು. ನಂಬದೆ ಇನ್ನೊಂದು ಕಾಲು ಒತ್ತಿದರು.

ಮತ್ತೆ ಸೇಲಂಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಕಾಯುವಾಗ ನನ್ನ ಗಂಡನ ಟವೆಲ್ಲು ನನ್ನ ಹೊಟ್ಟೆಯ ಮೇಲಿರಲಿಲ್ಲ. ಹೆಗಲ ಮೇಲಿತ್ತು. ಡಾಕ್ಟರಮ್ಮ ಕಾಗದ ನೋಡಿ ಮೂರು ಬೆರಳು ಎತ್ತಿದರು, ಆಮೇಲೆ ಇನ್ನೊಂದು ಬೆರಳನ್ನು ಅರ್ಧ ಮಡಚಿ ಎತ್ತಿದರು. ನಾನು ಅಲ್ಲೇ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ಎರಡನೆಯ ಆಪರೇಷನ್ ಆದ ಮೇಲೆ ಎಲ್ಲರೂ ಕಾಯುವುದು ಒಂದು ಗಾಳಿಗೆ. ಕರುಳು ಕೂಡಿಕೊಂಡಿದ್ದರೆ ಹೂಸು ಬರಬೇಕು. ಊರಿನಿಂದ ದಿನಾ ಫೋನು, "ಗಾಳಿ ಬಂತಾ?" ಎಂದು ಅತ್ತೆ ಅರಚುವುದು, ಇಡೀ ವಾರ್ಡಿಗೆ ಕೇಳುವುದು. ಬಂದ ದಿನ ಕವಿತಾ ನಾಚಿಕೆ ಬಿಟ್ಟು ವರಾಂಡದಲ್ಲಿ ಕುಣಿದಳು.

ಊರಿಗೆ ಬಂದು, ಮೈ ಸುಧಾರಿಸಿಕೊಂಡ ಮೇಲೆ ಟಗರು ಒಪ್ಪಿಸಿದೆವು. ಮುನಿಯಪ್ಪನ ಮುಂದಕ್ಕೆ ನಾನು ನಡೆದೇ ಹೋದೆ. ಅತ್ತೆ ನನ್ನ ಪಕ್ಕದಲ್ಲಿ ನಿಂತು ಎರಡು ಕೈಯನ್ನೂ ತಲೆಯ ಮೇಲಕ್ಕೆತ್ತಿ ಮುಗಿದರು. ಆಗ ಅವರ ಮಣಿಕಟ್ಟಿನ ದಾರ ಸರ್ರನೆ ಜಾರಿ ಮೊಣಕೈಗೆ ಬಂದು ನಿಂತಿತು. ನನ್ನ ಕೈಯಲ್ಲಿ ಹೂತುಹೋಗಿದ್ದ ದಾರ ಅದೇ. ನಾನೇ ಅಳತೆಗೆ ಸರಿಯಾಗಿ ಕಟ್ಟಿದ್ದೆ. ನನ್ನ ಕರುಳು, ನನ್ನ ಕಾಲು, ಬಾಟಲಿಯ ಹನಿ, ಟಗರಿನ ಕೊಬ್ಬು ಎಲ್ಲ ನೋಡಿದ ಕಣ್ಣಿಗೆ, ದಿನಾ ಎದುರಿಗೆ ಕೂರುತ್ತಿದ್ದ ಆ ಕೈ ಇಷ್ಟು ಸಣ್ಣಗಾದದ್ದು ಕಂಡಿರಲಿಲ್ಲ. ದಾರ ಬಿಚ್ಚಲು ಹಲ್ಲು ಬೇಕಾಗಲಿಲ್ಲ. ಹಿಡಿದು ಎಳೆದೆ, ಬಳೆಯ ಹಾಗೆ ಕಳಚಿ ಬಂತು.

ಅಡುಗೆ ಅವತ್ತೂ ಅತ್ತೆಯದೇ. ನನ್ನ ಮೊಟ್ಟೆಗಳನ್ನೆಲ್ಲ ತಿಂದು ಕೊಬ್ಬಿದ್ದ ಟಗರು ನನ್ನ ತಟ್ಟೆಗೆ ಬಂತು. "ಮೊದ್ಲು ನೀನು ತಿನ್ನು," ಎಂದರು. ನಾನು ಒಂದು ತುಂಡು ಬಿಡಿಸಿ ಅವರ ಬಾಯಿಗೆ ಇಟ್ಟೆ. ಬೇಡ ಬೇಡ ಎನ್ನುತ್ತಲೇ ಬಾಯಿ ತೆರೆದರು. ನಿಧಾನವಾಗಿ ಅಗಿದರು. ಅಗಿಯುತ್ತಾ ಅಗಿಯುತ್ತಾ ಅವರ ಹುಬ್ಬು ಗಂಟಾಯಿತು.

"ಅಮ್ಮಿ, ಇದ್ರಾಗೆ ಉಪ್ಪೇ ಇಲ್ವಲ್ಲೇ!" ಎಂದರು. "ಇಷ್ಟು ದಿವ್ಸ ಇಂಗೇ ಬೇಯ್ಸಿ ಆಕ್ತಿದ್ನಾ? ಎಲ್ಲಾ ಕೇಳೋಳು, ಇದುನ್ ಒಂದು ಯೋಳ್ಬಾರ್ದಾಗಿತ್ತಾ?"

"ಸರ್ಯಾಗೇ ಇತ್ತು ಅತ್ತೆ," ಎಂದೆ. ಇನ್ನೊಂದು ತುಂಡು ಅವರ ಬಾಯಿಗಿಟ್ಟೆ.